ಬಂಪರ್ ಕ್ಲೇಮು, ತಪ್ಪು ಟಿಕ್ಕು, ಆಮೇಲೆ ಆಗಿದ್ದು: ಒಂದು ಕಾರ್ ಇನ್ಶೂರೆನ್ಸ್ ಕೇಸು ಪೂರ್ತಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಏಜೆಂಟ್ ಅಲ್ಲ, ಯಾವ ಕಂಪನಿ ಪರಾನೂ ಅಲ್ಲ. ಒಬ್ರು ಇನ್ಶೂರೆನ್ಸ್ ಸರ್ವೇಯರ್ (ಗುದ್ದಿದ ಗಾಡಿ ನೋಡಿ ನಷ್ಟ ಎಷ್ಟು ಅಂತ ಅಂದಾಜು ಮಾಡೋರು) ಹತ್ರ 11 ವರ್ಷ ಮೋಟಾರ್ ಕ್ಲೇಮ್ ಫೈಲು ಜೋಡಿಸೋ ಕೆಲ್ಸ ಮಾಡ್ತಿದ್ದೆ, ಈಗ ಬಿಟ್ಟಿದೀನಿ, ಆದ್ರೂ ಊರಲ್ಲಿ ಯಾರ್ದಾದ್ರೂ ಗಾಡಿ ಗುದ್ದಿದ್ರೆ ಪೇಪರ್ ಕವರ್ ಹಿಡ್ಕೊಂಡು ಮನೆಗೇ ಬರ್ತಾರೆ. ಹಂಗೆ ಬಂದ ಒಂದು ಕೇಸು ಇದು. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗಬಾರ್ದು ಅಂತ ಊರು, ಕಂಪನಿ, ತಾರೀಖು, ಮೊತ್ತ ಸ್ವಲ್ಪ ಸ್ವಲ್ಪ ಬದಲಾಯಿಸಿದೀನಿ, ಲೆಕ್ಕದ ರೀತಿ ಮಾತ್ರ ಇದ್ದ ಹಾಗೇ ಇದೆ.

ಗಾಡಿ ಮಾಲೀಕರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಇಲ್ಲೂ ಮೇಷ್ಟ್ರು ಅಂತಲೇ ಕರೀತೀನಿ. 2017ರ ಆಗಸ್ಟಲ್ಲಿ ತಗೊಂಡ ಪೆಟ್ರೋಲ್ ಕಾರು, 1200 ಸಿಸಿ ಒಳಗಿಂದು. ವಾರಕ್ಕೊಂದ್ಸಲ ಪೇಟೆ, ವರ್ಷಕ್ಕೆರಡು ಸಲ ಮಗಳ ಮನೆ, ಅಷ್ಟೇ ಓಡಾಟ. ಪಾಲಿಸಿ ಒಂದು ದಿನಾನೂ ತಪ್ಪಿಸಿದವರಲ್ಲ, ಹಳೇ ಪಾಲಿಸಿಗಳೆಲ್ಲಾ ಅವರ ಹೆಂಡತಿ ಒಂದು ಬಟ್ಟೆ ಚೀಲದಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟಿದ್ರು. ಆ ಚೀಲ ಮುಂದೆ ಬಹಳ ಕೆಲ್ಸಕ್ಕೆ ಬಂತು.

ಗೊತ್ತಿಲ್ದೋರಿಗೆ ಪ್ರೀಮಿಯಂ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಮುಂದಿನ ಕಥೆ ಅರ್ಥ ಆಗಲ್ಲ. ನಾವು ಕಟ್ಟೋ ದುಡ್ಡಲ್ಲಿ ಮುಖ್ಯವಾಗಿ ಎರಡು ಭಾಗ, ಒಂದು ಟಿಪಿ ಅಂದ್ರೆ ಥರ್ಡ್ ಪಾರ್ಟಿ, ನಮ್ಮ ಗಾಡಿಯಿಂದ ಬೇರೆಯವ್ರಿಗೆ ಆಗೋ ನಷ್ಟಕ್ಕೆ, ಅದ್ರ ರೇಟು ಸರ್ಕಾರವೇ ಫಿಕ್ಸ್ ಮಾಡುತ್ತೆ, 2022ರ ಜೂನ್ 1ರಿಂದ 1000ದಿಂದ 1500 ಸಿಸಿ ಒಳಗಿನ ಕಾರಿಗೆ 3,416 ರೂಪಾಯಿ, ನೀವು ಎಷ್ಟೇ ಸಾಧು ಡ್ರೈವರ್ ಆಗಿದ್ರೂ ಅದ್ರಲ್ಲಿ ಒಂದು ಪೈಸೆ ಕಮ್ಮಿ ಇಲ್ಲ. ಇನ್ನೊಂದು ಓಡಿ, ಅಂದ್ರೆ ಓನ್ ಡ್ಯಾಮೇಜ್, ನಮ್ಮ ಗಾಡಿಗೇ ಆಗೋ ಡ್ಯಾಮೇಜಿಗೆ. ನೋ ಕ್ಲೇಮ್ ಬೋನಸ್ಸು, ಎನ್‌ಸಿಬಿ ಅಂತೀವಲ್ಲ, ಅದು ಸಿಗೋದು ಈ ಓಡಿ ಮೇಲೆ ಮಾತ್ರ. ಒಂದು ವರ್ಷ ಕ್ಲೇಮ್ ಇಲ್ಲಾಂದ್ರೆ 20 ಪರ್ಸೆಂಟ್ ಡಿಸ್ಕೌಂಟು, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50, ಅಲ್ಲಿಂದ ಮೇಲೆ ಏರಲ್ಲ. ಮಧ್ಯ ಒಂದೇ ಒಂದು ಓಡಿ ಕ್ಲೇಮ್ ಆದ್ರೂ ಸಾಕು, ಚಿಕ್ಕದೋ ದೊಡ್ಡದೋ ಅಂತ ನೋಡಲ್ಲ, ಮುಂದಿನ ರಿನ್ಯೂವಲ್ಲಲ್ಲಿ ಸೀದಾ ಸೊನ್ನೆ. ಏಣಿ ಹತ್ತೋಕೆ ಐದು ವರ್ಷ, ಇಳಿಯೋಕೆ ಒಂದು ಸಹಿ.

ಮೇಷ್ಟ್ರು 2021ರ ರಿನ್ಯೂವಲ್ಲಲ್ಲಿ 45ರ ಮೆಟ್ಲಲ್ಲಿದ್ರು.

ಬಂಪರ್

2022ರ ಏಪ್ರಿಲ್. ಮದುವೆ ಛತ್ರದಿಂದ ರಿವರ್ಸ್ ತೆಗೀವಾಗ ಹಿಂದಿನ ಬಂಪರ್ ಕಂಬಕ್ಕೆ ತಾಗಿ ಒಡೀತು, ಡಿಕ್ಕಿ ಬಾಗ್ಲಿಗೂ ಸ್ವಲ್ಪ ಗೀರು. ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದ್ರು. ಅಲ್ಲಿನ ಸರ್ವಿಸ್ ಅಡ್ವೈಸರ್ ಹುಡುಗ, "ಸಾರ್, ಹೆಂಗೂ ಇನ್ಶೂರೆನ್ಸ್ ಇದ್ಯಲ್ಲ, ಅದ್ರಲ್ಲೇ ಹಾಕ್ಬಿಡೋಣ, ನಿಮ್ಮ ಕೈಯಿಂದ ಜಾಸ್ತಿ ಏನೂ ಹೋಗಲ್ಲ" ಅಂದ. ಮೇಷ್ಟ್ರು ಹೂಂ ಅಂದ್ರು. ಅವ್ನು ಕೊಟ್ಟ ಎರಡು ಕಾಗದಕ್ಕೆ ಸಹಿ ಹಾಕಿ ಆಟೋದಲ್ಲಿ ಮನೆಗೆ ಬಂದ್ರು.

ಬಿಲ್ಲು ಒಟ್ಟು 9,200. ಬಂಪರ್ 3,600, ಪೇಂಟಿಂಗ್ 4,000, ಲೇಬರ್ 1,600. ಪ್ಲಾಸ್ಟಿಕ್ ಪಾರ್ಟ್‌ಗೆ ಅರ್ಧ ಡಿಪ್ರಿಸಿಯೇಷನ್, ಅಂದ್ರೆ ಸವೆತದ ಕಡಿತ, ಹೊಡೀತಾರೆ, ಅಲ್ಲಿಗೆ 1,800 ಹೋಯ್ತು. ಪೇಂಟಿಂಗ್ ಬಿಲ್ಲಲ್ಲಿ ಕಾಲು ಭಾಗ ಮೆಟೀರಿಯಲ್ ಅಂತ ಲೆಕ್ಕ, ಅದ್ರ ಅರ್ಧ ಅಂದ್ರೆ 500 ಹೋಯ್ತು. ಕಂಪಲ್ಸರಿ ಡಿಡಕ್ಟಿಬಲ್ ಅಂತ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದು ಎಂಥಾ ಕ್ಲೇಮಿಗೂ ಹೋಗೋದೇ. ಝೀರೋ ಡೆಪ್, ಅಂದ್ರೆ ಈ ಡಿಪ್ರಿಸಿಯೇಷನ್ ಕಳೀದೇ ಕೊಡೋ ಆಡ್-ಆನ್, ಇರ್ಲಿಲ್ಲ. ಹಂಗಾಗಿ ಕಂಪನಿ ಕೊಟ್ಟಿದ್ದು 5,900, ಮೇಷ್ಟ್ರು ಕೈಯಿಂದ 3,300. "ಕ್ಯಾಶ್‌ಲೆಸ್ ಸಾರ್" ಅಂತ ಕೀ ಕೊಟ್ರು.

ಈ ಕ್ಯಾಶ್‌ಲೆಸ್ ಅನ್ನೋ ಪದ ಇದ್ಯಲ್ಲ, ನನ್ನ ಪ್ರಕಾರ ಅರ್ಧ ಜನಕ್ಕೆ ತಾವು ಕ್ಲೇಮ್ ಮಾಡಿದೀವಿ ಅನ್ನೋದೇ ಗೊತ್ತಾಗ್ದೇ ಇರೋಕೆ ಇದೇ ಕಾರಣ. ದುಡ್ಡು ನಮ್ಮ ಅಕೌಂಟಿಗೆ ಬರ್ಲಿಲ್ಲ, ಫಾರ್ಮು ನಾವು ತುಂಬ್ಲಿಲ್ಲ, ಆಫೀಸಿಗೆ ಹೋಗ್ಲಿಲ್ಲ. ಮೇಷ್ಟ್ರ ತಲೇಲಿ ಅದು "ಗ್ಯಾರೇಜಲ್ಲಿ ಡಿಸ್ಕೌಂಟ್ ಕೊಟ್ರು" ಅಂತ ಕೂತಿತ್ತು.

ಟಿಕ್ಕು

ಆಗಸ್ಟಲ್ಲಿ ರಿನ್ಯೂವಲ್. ಆ ವರ್ಷ ಮೇಷ್ಟ್ರ ತಂಗಿ ಮಗ ಮನೇಲಿದ್ದ, ಆನ್‌ಲೈನಲ್ಲಿ ಹೋಲಿಸಿ ನೋಡಿ ಬೇರೆ ಕಂಪನಿ ಕಮ್ಮಿಗೆ ಕೊಡ್ತಿದೆ ಅಂತ ಅಲ್ಲಿಗೆ ಬದ್ಲಾಯಿಸೋಣ ಅಂದ. ಫೋನಲ್ಲಿ ಒಂದೊಂದೇ ತುಂಬ್ತಾ ಹೋದ, ಒಂದು ಕಡೆ ಹಿಂದಿನ ಪಾಲಿಸೀಲಿ ಕ್ಲೇಮ್ ಆಗಿತ್ತಾ ಅಂತ ಕೇಳ್ತು. ಇವ್ನು ನಡುಮನೆಯಿಂದಲೇ ಕೂಗಿ ಕೇಳ್ದ, "ಮಾವ, ಹೋದ ವರ್ಷ ಕ್ಲೇಮ್ ಏನಾದ್ರೂ ಮಾಡಿದ್ರಾ?"

"ಎಂಥಾ ಕ್ಲೇಮೋ, ನಾನೇನು ಆಕ್ಸಿಡೆಂಟ್ ಮಾಡಿದೀನಾ, ಏನಿಲ್ಲ ಹಾಕು."

ಹಾಕ್ದ. ಹಳೇ ಎನ್‌ಸಿಬಿ 45, ಹೊಸದು 50 ಅಂತ ತಾನಾಗೇ ಬಂತು. ಓಡಿ ಪ್ರೀಮಿಯಂ 7,400 ಇದ್ದಿದ್ದು 3,700 ಆಯ್ತು, ಜಿಎಸ್‌ಟಿ 18 ಪರ್ಸೆಂಟ್ ಸೇರಿಸಿದ್ರೆ ಉಳಿತಾಯ 4,366 ರೂಪಾಯಿ. ಪಾಲಿಸಿ 19ನೇ ತಾರೀಖಿಂದ ಶುರು. ಕೆಳಗಡೆ ಸಣ್ಣಕ್ಷರದಲ್ಲಿ ಒಂದು ಡಿಕ್ಲರೇಷನ್ ಇತ್ತು, ನಾನು ಹೇಳಿರೋ ಎನ್‌ಸಿಬಿ ಸರಿ ಇದೆ, ತಪ್ಪು ಅಂತ ಗೊತ್ತಾದ್ರೆ ಸೆಕ್ಷನ್ 1ರ ಎಲ್ಲಾ ಬೆನಿಫಿಟ್ಟೂ ಬಿಟ್ಕೊಡ್ತೀನಿ ಅನ್ನೋ ಅರ್ಥದ್ದು. ಸೆಕ್ಷನ್ 1 ಅಂದ್ರೆ ಓಡಿ ಭಾಗ ಪೂರ್ತಿ. ಇಬ್ರೂ ಓದ್ಲಿಲ್ಲ, ಯಾರು ಓದ್ತಾರೆ ಹೇಳಿ.

ಇಲ್ಲಿ ಒಂದು ಮಾತು ಸೇರಿಸ್ಬೇಕು. ಅದೇ ಹಳೇ ಕಂಪನೀಲಿ ರಿನ್ಯೂ ಮಾಡಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ, ಅವ್ರ ಸಿಸ್ಟಮ್ಮಲ್ಲಿ ಕ್ಲೇಮ್ ಇದ್ದೇ ಇರುತ್ತೆ, ನೋಟಿಸಲ್ಲೇ ಸೊನ್ನೆ ಎನ್‌ಸಿಬಿ ಅಂತ ಬಂದಿರ್ತಿತ್ತು. ಅಸಲಿಗೆ ಬಂದಿತ್ತು ಕೂಡ. ಹಳೇ ಕಂಪನಿ ರಿನ್ಯೂವಲ್ ನೋಟಿಸು ಆ ಬಟ್ಟೆ ಚೀಲದಲ್ಲೇ ಸಿಕ್ತು ಆಮೇಲೆ. ಹೊಸ ಕಂಪನಿ "ಕಮ್ಮಿ" ಅಂತ ಕಂಡಿದ್ದರಲ್ಲಿ ಮುಕ್ಕಾಲು ಭಾಗ ಆ ತಪ್ಪು ಟಿಕ್ಕಿನ ಡಿಸ್ಕೌಂಟೇ ಹೊರತು ಅವ್ರ ರೇಟೇನೂ ಅಷ್ಟು ಕಮ್ಮಿ ಇರ್ಲಿಲ್ಲ. ಕಂಪನಿ ಬದ್ಲಾಯಿಸೋವಾಗ ಎರಡು ಕೊಟೇಶನ್ನಲ್ಲೂ ಎನ್‌ಸಿಬಿ ಒಂದೇ ಇದ್ಯಾ ಅಂತ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತಿತ್ತು.

ಘಟ್ಟ

2023ರ ಫೆಬ್ರವರಿ 12. ಘಟ್ಟದ ತಿರುವಲ್ಲಿ ಎದುರಿಗೆ ಬಂದ ಬಸ್ಸಿಗೆ ಜಾಗ ಕೊಡೋಕೆ ಹೋಗಿ ಕಾರು ತಡೆಗೋಡೆಗೆ ಹೊಡೀತು. ದೇವರ ದಯೆ ಯಾರಿಗೂ ಏನೂ ಆಗ್ಲಿಲ್ಲ, ಗಾಡಿಯ ಎಡಭಾಗ ಮುಂದಿನ ಚಕ್ರದವರೆಗೂ ಒಳಗೆ ಹೋಗಿತ್ತು. ಟೋಯಿಂಗ್ ಆಯ್ತು, ಎಸ್ಟಿಮೇಟ್ ಆಯ್ತು, 1,84,000. ಸರ್ವೇಯರ್ ಬಂದು ಫೋಟೋ ತೆಗೆದು ಅಸೆಸ್ ಮಾಡಿದ್ದು 1,28,000. ಇದ್ರಲ್ಲಿ ಮೋಸ ಏನಿಲ್ಲ, ಐದು ವರ್ಷ ದಾಟಿದ ಗಾಡಿಗೆ ಲೋಹದ ಪಾರ್ಟ್‌ಗೆ 40 ಪರ್ಸೆಂಟ್ ಡಿಪ್ರಿಸಿಯೇಷನ್ನು, ಪ್ಲಾಸ್ಟಿಕ್ಕು ರಬ್ಬರಿಗೆ 50, ಗ್ಲಾಸಿಗೆ ಮಾತ್ರ ಇಲ್ಲ. ಅಷ್ಟು ಬರುತ್ತೆ ಅಂತ ಮೇಷ್ಟ್ರು ಮಾನಸಿಕವಾಗಿ ರೆಡಿ ಆಗಿದ್ರು.

ಮಾರ್ಚ್ ಮಧ್ಯದಲ್ಲಿ ಲೆಟರ್ ಬಂತು. ಕ್ಲೇಮ್ ರಿಪುಡಿಯೇಟೆಡ್, ಅಂದ್ರೆ ತಿರಸ್ಕಾರ. ಹಿಂದಿನ ಕಂಪನೀಲಿ ಕ್ಲೇಮ್ ಇದ್ರೂ ಮುಚ್ಚಿಟ್ಟು 50 ಪರ್ಸೆಂಟ್ ಎನ್‌ಸಿಬಿ ತಗೊಂಡಿದೀರಿ, ಡಿಕ್ಲರೇಷನ್ ಪ್ರಕಾರ ಏನೂ ಕೊಡಲ್ಲ. 4,366 ರೂಪಾಯಿಗೆ 1,28,000 ಹೋಯ್ತು. ಮೇಷ್ಟ್ರಿಗೆ ದುಡ್ಡಿಗಿಂತ ಆ ಲೆಟರಲ್ಲಿದ್ದ "ಮುಚ್ಚಿಟ್ಟು" ಅನ್ನೋ ಮಾತು ಜಾಸ್ತಿ ಚುಚ್ಚಿತ್ತು, 35 ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡ್ರೋ ಅಂದವ್ರು.

ಮೊದಲು ಮಾಡಿದ್ದು, ಮಾಡಬಾರದಿತ್ತು

ನನ್ನ ಹತ್ರ ಬರೋಕೆ ಮುಂಚೆ ಎರಡು ಕೆಲ್ಸ ಆಗೋಗಿತ್ತು.

ಒಂದು, ಅಳಿಯ, ಅಂದ್ರೆ ಟಿಕ್ಕು ಹಾಕಿದ ಅದೇ ತಂಗಿ ಮಗ, ಕೋಪದಲ್ಲಿ ಕಂಪನಿಗೆ ಮೇಲ್ ಹಾಕಿದ್ದ, ನಮ್ಮ ಮಾವ ಜೀವನದಲ್ಲಿ ಒಂದು ಕ್ಲೇಮೂ ಮಾಡಿಲ್ಲ, ನೀವು ಸುಳ್ಳು ಹೇಳ್ತಿದೀರಿ, ಕೋರ್ಟಿಗೆ ಎಳೀತೀವಿ ಅಂತ. ಅಂದ್ರೆ ಮೊದಲನೇ ತಪ್ಪು ಹೇಳಿಕೆ ಒಂದು ಟಿಕ್ಕು, ಗೊತ್ತಿಲ್ದೇ ಆಯ್ತು ಅಂತ ಹೇಳಬಹುದು. ಎರಡನೇದು ಬರವಣಿಗೇಲಿ, ರಿಪುಡಿಯೇಷನ್ ಲೆಟರ್ ಓದಿದ ಮೇಲೆ, ಪರೀಕ್ಷೆ ಮಾಡ್ದೇ. ಕಂಪನಿಯವ್ರಿಗೆ ಅದಕ್ಕಿಂತ ಒಳ್ಳೇ ಉಡುಗೊರೆ ಬೇಡ.

ಎರಡು, ಸರ್ವಿಸ್ ಸೆಂಟರ್‌ಗೆ ಹೋಗಿ "ಮಾಲೀಕರಿಗೆ ತಿಳಿಸ್ದೇ ನಾವೇ ಕ್ಲೇಮ್ ಹಾಕಿದ್ವಿ" ಅಂತ ಬರ್ದುಕೊಡಿ ಅಂತ ಕೇಳಿದ್ರು. ಅವ್ರು ಯಾಕೆ ಬರ್ದುಕೊಡ್ತಾರೆ. ಹಳೇ ಕ್ಲೇಮ್ ಫಾರ್ಮ್ ಕಾಪಿ ತೆಗೆದು ತೋರಿಸಿದ್ರು, ಮೇಷ್ಟ್ರ ದುಂಡು ಅಕ್ಷರದ ಸಹಿ ಕೆಳಗೆ.

ಅದು ಒಳ್ಳೇದೇ ಆಯ್ತು ಅಂತ ನನಗೆ ಅನ್ಸುತ್ತೆ. ಆ ಸಹಿ ನೋಡಿದ ದಿನ ಮೇಷ್ಟ್ರು ನನ್ನ ಮನೆಗೆ ಬಂದಿದ್ದು. "ತಪ್ಪು ನಂದೇ ಕಣ್ರೀ, ಆದ್ರೆ ನಾನು ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ, ಇದಕ್ಕೆ ಏನಾದ್ರೂ ದಾರಿ ಇದ್ಯಾ" ಅಂದ್ರು. ಈ ಇಡೀ ಕೇಸಲ್ಲಿ ತಿರುವು ಅಂತ ಒಂದು ಇದ್ರೆ ಇದೇ, ನಿರಾಕರಿಸೋದು ಬಿಟ್ಟಿದ್ದು. ಯಾಕಂದ್ರೆ ಕ್ಲೇಮ್ ಆಗಿಲ್ಲ ಅಂತ ವಾದ ಮಾಡ್ತಿರೋವರೆಗೂ ಬೇರೆ ಯಾವ ವಾದಾನೂ ಯಾರೂ ಕೇಳಿಸ್ಕೊಳಲ್ಲ.

21 ದಿನ

ಇದು ಫೈಲ್ ಜೋಡಿಸ್ತಿದ್ದ ಕಾಲದಲ್ಲಿ ನಂಗೆ ಬಾಯಿಪಾಠ ಆಗಿದ್ದ ವಿಷ್ಯ. ಇಂಡಿಯಾ ಮೋಟಾರ್ ಟಾರಿಫ್ ಅಂತ ಹಳೇ ನಿಯಮಾವಳಿ ಇದೆ, ಅದ್ರ ಜನರಲ್ ರೆಗ್ಯುಲೇಷನ್ 27ರಲ್ಲಿ ಎನ್‌ಸಿಬಿ ಬಗ್ಗೆ ಬರುತ್ತೆ. ಗಿರಾಕಿ ಹಳೇ ಕಂಪನಿಯಿಂದ ಪುರಾವೆ ತರ್ದೇ ಬರೀ ಡಿಕ್ಲರೇಷನ್ ಮೇಲೆ ಎನ್‌ಸಿಬಿ ಕೊಟ್ರೆ, ಹೊಸ ಕಂಪನಿ ಕವರ್ ಕೊಟ್ಟ 21 ದಿನದೊಳಗೆ ಹಳೇ ಕಂಪನಿಗೆ ಬರೆದು ಕನ್ಫರ್ಮ್ ಮಾಡ್ಕೋಬೇಕು, ಹಳೇ ಕಂಪನಿ 30 ದಿನದೊಳಗೆ ಉತ್ತರ ಕೊಡ್ಬೇಕು. ಅಂದ್ರೆ ಡಿಕ್ಲರೇಷನ್ ಅನ್ನೋದು ಗಿರಾಕಿ ತಲೆ ಮೇಲೆ ಮಾತ್ರ ಇರೋ ಕತ್ತಿ ಅಲ್ಲ, ಪರೀಕ್ಷೆ ಮಾಡೋ ಕೆಲ್ಸ ಕಂಪನಿಗೂ ಇದೆ. ಪ್ರೀಮಿಯಂ ತಗೊಳ್ಳೋವಾಗ ಸುಮ್ನಿದ್ದು ಕ್ಲೇಮ್ ಬಂದ ಮೇಲೆ ಮಾತ್ರ ಹಳೇ ಕಂಪನಿಗೆ ಮೇಲ್ ಹಾಕೋದು ಎಷ್ಟು ಸರಿ ಅನ್ನೋದೇ ಇಲ್ಲಿರೋ ಪ್ರಶ್ನೆ.

ಆದ್ರೆ ಮೇಷ್ಟ್ರಿಗೆ ಆಸೆ ಹುಟ್ಟಿಸ್ಲಿಲ್ಲ ನಾನು. ಇನ್ಶೂರೆನ್ಸ್ ಕಾಂಟ್ರಾಕ್ಟು ನಂಬಿಕೆ ಮೇಲೆ ನಿಂತಿರೋದು, ಕೇಳಿದ ಪ್ರಶ್ನೆಗೆ ನಿಜ ಹೇಳೋದು ಗಿರಾಕಿ ಕರ್ತವ್ಯ, ಇಂಥಾ ಕೇಸುಗಳಲ್ಲಿ ಕಂಪನಿ ತಿರಸ್ಕರಿಸಿದ್ದೇ ಸರಿ ಅಂತ ಆದೇಶ ಆಗಿರೋದೂ ಇದೆ, ಒಂದು ಭಾಗ ಕೊಡಿ ಅಂತ ಆಗಿರೋದೂ ಇದೆ, ಯಾರ ಮುಂದೆ ಹೋಗುತ್ತೆ, ಪೇಪರ್ ಹೆಂಗಿದೆ ಅನ್ನೋದ್ರ ಮೇಲೆ ನಿಂತಿರುತ್ತೆ ಅಂತ ಹೇಳ್ದೆ. ಪೂರ್ತಿ ದುಡ್ಡು ಬರುತ್ತೆ ಅನ್ನೋದನ್ನ ಮೊದ್ಲು ತಲೆಯಿಂದ ತೆಗೀರಿ ಅಂದೆ.

ಕಂಪನೀಲಿ ದೂರು ನೋಡೋ ಗ್ರೀವೆನ್ಸ್ ಆಫೀಸರ್‌ಗೆ ಒಂದೇ ಪುಟದ ಪತ್ರ ಬರೆದ್ವಿ. 2022ರ ಏಪ್ರಿಲ್ಲಲ್ಲಿ 5,900ರ ಕ್ಲೇಮ್ ಆಗಿದ್ದು ನಿಜ, ಕ್ಯಾಶ್‌ಲೆಸ್ ಆಗಿದ್ರಿಂದ ಅದು ಕ್ಲೇಮ್ ಅಂತ ಅರ್ಥ ಆಗಿರ್ಲಿಲ್ಲ, ಅಳಿಯ ಹಾಕಿದ ಮೇಲ್ ತಪ್ಪು, ವಾಪಸ್ ತಗೊಳ್ತೀವಿ. ತಪ್ಪಾಗಿ ಪಡೆದ 4,366 ಕಟ್ಟೋಕೆ ರೆಡಿ. ಎನ್‌ಸಿಬಿ ಕನ್ಫರ್ಮ್ ಮಾಡೋಕೆ ಹಳೇ ಕಂಪನಿಗೆ ನೀವು ಯಾವ ದಿನ ಬರೆದ್ರಿ, ದಯವಿಟ್ಟು ಆ ತಾರೀಖು ಮತ್ತು ಕಾಪಿ ಕೊಡಿ. ಅಷ್ಟೇ. ಬೈಗುಳ ಇಲ್ಲ, ಕೋರ್ಟಿನ ಮಾತಿಲ್ಲ. ಅಳಿಯನಿಗೆ ಇದು ತೀರಾ ಸಪ್ಪೆ ಅನ್ಸಿತ್ತು.

ಎರಡು ವಾರಕ್ಕೆ ಉತ್ತರ ಬಂತು. ನಿರ್ಧಾರ ಬದಲಾಗಲ್ಲ ಅಂತ. ಜೊತೆಗೆ ಯಾರೋ ಶ್ರದ್ಧೆಯಿಂದ ಹಳೇ ಕಂಪನಿ ಜೊತೆಗಿನ ಮೇಲ್ ಕಾಪಿ ಲಗತ್ತಿಸಿದ್ರು, ಮೇಷ್ಟ್ರು ಸುಳ್ಳು ಹೇಳಿದ್ದಕ್ಕೆ ಸಾಕ್ಷಿ ಅಂತ. ಆ ಮೇಲ್ ಕಳಿಸಿದ ತಾರೀಖು 2023ರ ಫೆಬ್ರವರಿ 27. ಪಾಲಿಸಿ ಶುರು ಆಗಿದ್ದು 2022ರ ಆಗಸ್ಟ್ 19, 21 ದಿನ ಮುಗಿದಿದ್ದು ಸೆಪ್ಟೆಂಬರ್ 9ಕ್ಕೆ. ಐದೂವರೆ ತಿಂಗಳು ಲೇಟು, ಅದೂ ಆಕ್ಸಿಡೆಂಟ್ ಆದ ಮೇಲೆ.

ಅರ್ಧ ತಗೊಳ್ಳಿ ಅಂದ್ರು

ನಾವು ಓಂಬುಡ್ಸ್‌ಮನ್‌ಗೆ, ಅಂದ್ರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ ಹತ್ರ, ಹೋಗ್ತೀವಿ ಅಂತ ತಿಳಿಸಿದ ಮೇಲೆ ಕಂಪನಿಯಿಂದ ಫೋನು. ಸೆಟ್ಲ್ ಮಾಡ್ಕೊಳ್ಳೋಣ, ಅಸೆಸ್ ಆಗಿರೋದ್ರಲ್ಲಿ 50 ಪರ್ಸೆಂಟು, 64,000, ಫುಲ್ ಅಂಡ್ ಫೈನಲ್ ವೋಚರ್‌ಗೆ, ಅಂದ್ರೆ ಇನ್ನೇನೂ ಕೇಳಲ್ಲ ಅನ್ನೋ ಕಾಗದಕ್ಕೆ, ಸಹಿ ಹಾಕ್ಬೇಕು.

ಮೇಷ್ಟ್ರ ಮನೇಲಿ ಅವತ್ತು ಸಾಯಂಕಾಲ ನಡೆದ ಮಾತು ನನಗೆ ಈಗ್ಲೂ ನೆನಪಿದೆ. ಅಳಿಯ ತಗೊಳ್ಳೋಣ ಅಂದ, ಅವ್ನಿಗೆ ತನ್ನ ಟಿಕ್ಕಿಂದ ಆಗಿದ್ದು ಅನ್ನೋ ಹಿಂಸೆ ಮುಗಿದ್ರೆ ಸಾಕಿತ್ತು. ಮೇಷ್ಟ್ರ ಹೆಂಡತಿ ಕೇಳಿದ್ರು, "ತಪ್ಪು ಇಬ್ರ ಕಡೆನೂ ಇದೆ ಅಂತೀರಲ್ಲ, ಹಂಗಾದ್ರೆ ಅರ್ಧ ಅರ್ಧ ಸರಿಯಲ್ವಾ?" ನನ್ನ ಹತ್ರ ಥಟ್ ಅಂತ ಉತ್ತರ ಇರ್ಲಿಲ್ಲ, ನಿಜ ಹೇಳ್ಬೇಕಂದ್ರೆ ಈಗ್ಲೂ ಪೂರ್ತಿ ಇಲ್ಲ. ನಾನು ಹೇಳಿದ್ದಿಷ್ಟು: ಪಾಲಿಸಿಯ ಷರತ್ತಲ್ಲಿ ಏನೋ ಒಂದು ತಪ್ಪಿದ್ರೂ ಅದ್ರಿಂದ ಆಕ್ಸಿಡೆಂಟ್ ಆಗಿಲ್ಲ ಅಂದಾಗ 75 ಪರ್ಸೆಂಟ್ ಕೊಟ್ಟು ಮುಗಿಸೋ ರೂಢಿ ಇದೆ, ನಾನ್ ಸ್ಟ್ಯಾಂಡರ್ಡ್ ಅಂತಾರೆ ಅದಕ್ಕೆ, ಕೇಳೋದಾದ್ರೆ ಅದನ್ನ ಕೇಳ್ಬಹುದು, ಸಿಗ್ದೇ ಹೋದ್ರೆ ಸೊನ್ನೆ ಆಗೋ ಅಪಾಯ ಇದೆ, ನಿರ್ಧಾರ ನಿಮ್ದು.

ಮೇಷ್ಟ್ರು ಬೇಡ ಅಂದ್ರು. ಇಲ್ಲಿ ಒಂದು ಸತ್ಯ ಮರೀಬಾರ್ದು, ಅವ್ರು ಬೇಡ ಅನ್ನೋಕೆ ಆಗಿದ್ದು ಧೈರ್ಯದಿಂದ ಮಾತ್ರ ಅಲ್ಲ, ಎಫ್‌ಡಿ ಮುರಿಸಿ ಗ್ಯಾರೇಜಿಗೆ 1,84,000 ಕಟ್ಟಿ ಗಾಡಿ ಆಗ್ಲೇ ಬಿಡಿಸ್ಕೊಂಡು ಬಂದಿದ್ರು. ಗ್ಯಾರೇಜಲ್ಲಿ ಗಾಡಿ ಸಿಕ್ಕಿಹಾಕ್ಕೊಂಡು ದಿನಕ್ಕಿಷ್ಟು ಅಂತ ಪಾರ್ಕಿಂಗ್ ಮೀಟರ್ ಓಡ್ತಿದ್ರೆ 64,000ಕ್ಕೆ ಯಾರಾದ್ರೂ ಸಹಿ ಹಾಕ್ತಾರೆ, ನಾನೂ ಹಾಕಿ ಅಂತಿದ್ದೆ.

ಓಂಬುಡ್ಸ್‌ಮನ್, ಮಧ್ಯದಲ್ಲಿ ಇನ್ನೊಂದು ರಿನ್ಯೂವಲ್

ನಮ್ಮ ರಾಜ್ಯಕ್ಕೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಲ್ಲಿದೆ. ಫೀಸಿಲ್ಲ, ವಕೀಲರನ್ನ ಬಿಡಲ್ಲ, ಮೊದ್ಲು ಕಂಪನಿಗೆ ಬರೆದು ಅವ್ರು ತಿರಸ್ಕರಿಸಿರ್ಬೇಕು ಇಲ್ಲಾ ಒಂದು ತಿಂಗಳು ಉತ್ತರ ಕೊಡ್ದೇ ಇರ್ಬೇಕು, ಆಮೇಲೆ ಒಂದು ವರ್ಷದೊಳಗೆ ದೂರು ಕೊಡ್ಬೇಕು. ಆದೇಶ ಕಂಪನಿಗೆ ಕಡ್ಡಾಯ, ನಮಗೆ ಒಪ್ಪಿಗೆ ಆಗ್ದಿದ್ರೆ ಗ್ರಾಹಕರ ಆಯೋಗದ ಬಾಗ್ಲು ತೆರೆದೇ ಇರುತ್ತೆ. ಜೂನಲ್ಲಿ ದೂರು ಹಾಕಿದ್ವಿ.

ಅಷ್ಟರಲ್ಲಿ ಆಗಸ್ಟ್ ಬಂತು, ಮತ್ತೆ ರಿನ್ಯೂವಲ್, ಮತ್ತೆ ಅದೇ ಪ್ರಶ್ನೆ. ಈ ಸಲ ಅಳಿಯ ಕೇಳಿದ್ದು ನಿಜವಾಗ್ಲೂ ಕಷ್ಟದ ಪ್ರಶ್ನೆ: "ಮಾವ, ಕ್ಲೇಮು ರಿಜೆಕ್ಟ್ ಮಾಡಿದಾರೆ, ಒಂದು ರೂಪಾಯೀನೂ ಕೊಟ್ಟಿಲ್ಲ, ಅಂದ್ಮೇಲೆ ಈ ವರ್ಷ ಕ್ಲೇಮ್ ಇಲ್ಲ ಅಂತ ತಾನೇ, 20 ಪರ್ಸೆಂಟ್ ಸಿಗ್ಬೇಕಲ್ವಾ?" ತರ್ಕ ಏನೋ ಸರಿ ಇದೆ. ಆದ್ರೆ ಎನ್‌ಸಿಬಿ ಸಿಗ್ಬೇಕಾದ್ರೆ ಆ ವರ್ಷ ಕ್ಲೇಮ್ ಮಾಡಿರಬಾರ್ದು, ಬಾಕೀನೂ ಇರಬಾರ್ದು, ಇಲ್ಲಿ ನಾವೇ ದುಡ್ಡು ಕೊಡಿಸಿ ಅಂತ ಓಂಬುಡ್ಸ್‌ಮನ್ ಮುಂದೆ ನಿಂತಿದೀವಿ. ಒಂದು ಕಡೆ ಕ್ಲೇಮ್ ಕೊಡಿ, ಇನ್ನೊಂದು ಕಡೆ ಕ್ಲೇಮೇ ಇಲ್ಲ. ಓಡಿ ಪ್ರೀಮಿಯಂ ಆ ವರ್ಷ 6,900, ಅದ್ರ 20 ಪರ್ಸೆಂಟು ಜಿಎಸ್‌ಟಿ ಸೇರಿ 1,600 ಚಿಲ್ಲರೆ. ಮೇಷ್ಟ್ರು ಅಳಿಯನ ಕೈಯಿಂದ ಫೋನ್ ಇಸ್ಕೊಂಡು ತಾವೇ "ಹೌದು" ಒತ್ತಿದ್ರು, ಸಾಲದು ಅಂತ ಎರಡೂ ಕ್ಲೇಮಿನ ವಿವರ ಬರೆದು ಕಂಪನಿಗೆ ಒಂದು ಮೇಲೂ ಹಾಕ್ಸಿದ್ರು.

ಹಿಯರಿಂಗ್ ವಿಡಿಯೋ ಕಾಲಲ್ಲಿ ಆಯ್ತು, ಇಪ್ಪತ್ತು ನಿಮಿಷ ಇರಬಹುದು. ಕಂಪನಿಯವ್ರು ಅಳಿಯನ ಆ ಕೋಪದ ಮೇಲನ್ನೇ ಮೊದ್ಲು ಓದಿದ್ರು, ನಾನು ಹೆದರಿದ್ದು ಅದಕ್ಕೇ. ಮೇಷ್ಟ್ರು ಎದ್ದು ನಿಂತು, ಮನೇಲಿ ಕಂಪ್ಯೂಟರ್ ಮುಂದೆ ಎದ್ದು ನಿಂತು, "ಅದು ತಪ್ಪು, ವಾಪಸ್ ತಗೊಂಡಿದೀವಿ, ಪತ್ರ ಫೈಲಲ್ಲಿದೆ" ಅಂದ್ರು. ಆಮೇಲೆ ಪ್ರಶ್ನೆ ಕಂಪನಿ ಕಡೆ ತಿರುಗ್ತು, 21 ದಿನದಲ್ಲಿ ಯಾಕೆ ಕೇಳ್ಲಿಲ್ಲ ಅಂತ. ಪಾಲಿಸಿಗಳು ಲಕ್ಷಗಟ್ಲೆ ಇರ್ತವೆ ಅನ್ನೋ ತರ ಏನೋ ಹೇಳಿದ್ರು.

ಸೆಪ್ಟೆಂಬರಲ್ಲಿ ಆದೇಶ. ಇಬ್ರದ್ದೂ ತಪ್ಪಿದೆ, ಅಸೆಸ್ ಆದ ಮೊತ್ತದ 75 ಪರ್ಸೆಂಟು, ಅದ್ರಲ್ಲಿ ತಪ್ಪಾಗಿ ತಗೊಂಡ ಎನ್‌ಸಿಬಿ ಕಳೀಬೇಕು. 96,000ದಲ್ಲಿ 4,366 ಹೋಗಿ 91,634. ಒಂದು ತಿಂಗಳೊಳಗೆ ಅಕೌಂಟಿಗೆ ಬಂತು. 1,28,000ಕ್ಕೆ ಹೋಲಿಸಿದ್ರೆ 36,366 ನಷ್ಟ, ಏಳು ತಿಂಗಳ ಓಡಾಟ ಬೇರೆ.

ಈ ಫೈಲಿಂದ ನಾನು ಎತ್ತಿಟ್ಕೊಂಡಿದ್ದು

ಮೊದಲನೇ ತಪ್ಪು ಆಗಸ್ಟಿನ ಟಿಕ್ಕಲ್ಲ, ಏಪ್ರಿಲ್ಲಿನ ಬಂಪರ್. ಲೆಕ್ಕ ಹಾಕಿ ನೋಡಿ. ಮೇಷ್ಟ್ರು ಆ ಕ್ಲೇಮ್ ಮಾಡ್ದೇ ಇದ್ದಿದ್ರೆ ಆಗಸ್ಟಲ್ಲಿ 50 ಸಿಕ್ಕಿ ಅಲ್ಲೇ ನಿಂತಿರ್ತಿತ್ತು. ಮಾಡಿದ್ರಿಂದ 0, 20, 25, 35, 45 ಅಂತ ಮತ್ತೆ ಹತ್ತಬೇಕು. ಪ್ರತಿ ವರ್ಷ ಕಳ್ಕೊಳ್ಳೋದು 50, 30, 25, 15, 5. ಕೂಡಿದ್ರೆ 125. ಅಂದ್ರೆ ಒಂದೂಕಾಲು ವರ್ಷದ ಓಡಿ ಪ್ರೀಮಿಯಂ ಪೂರ್ತಿ. 7,400ಕ್ಕೆ 9,250, ಜಿಎಸ್‌ಟಿ ಸೇರಿ 10,915. ಐಡಿವಿ, ಅಂದ್ರೆ ಪಾಲಿಸೀಲಿ ಹಾಕಿರೋ ಗಾಡಿ ಬೆಲೆ, ವರ್ಷ ವರ್ಷ ಇಳಿಯೋದ್ರಿಂದ ಸ್ವಲ್ಪ ಕಮ್ಮಿ ಆಗಬಹುದು, ಆದ್ರೂ 5,900 ತಗೊಂಡು ಹತ್ತು ಸಾವಿರದ ಹತ್ರ ಕೊಟ್ಟ ಹಾಗೆ. ಎಲ್ಲಾ ಸರಿಯಾಗಿ ಹೇಳಿದ್ರೂ ಇದೇ ಲೆಕ್ಕ.

ಆದ್ರೆ ಎಲ್ರಿಗೂ 125 ಅಲ್ಲ, ಇದನ್ನ ಜನ ಗಮನಿಸಲ್ಲ. ಹೊಸ ಗಾಡಿ, ಮೊದಲನೇ ವರ್ಷ ಅಂದ್ಕೊಳ್ಳಿ. ಕ್ಲೇಮ್ ಇಲ್ಲಾಂದ್ರೆ 20, 25, 35, 45, 50. ಆದ್ರೆ 0, 20, 25, 35, 45. ವ್ಯತ್ಯಾಸ 20, 5, 10, 10, 5, ಕೂಡಿದ್ರೆ 50 ಮಾತ್ರ, ಅರ್ಧ ವರ್ಷದ ಓಡಿ. ಏಣಿ ಬುಡದಲ್ಲಿರೋರಿಗೆ ಚಿಕ್ಕ ಕ್ಲೇಮು ಅಷ್ಟೊಂದು ದುಬಾರಿ ಅಲ್ಲ, ತುದೀಲಿರೋರಿಗೆ ದುಬಾರಿ. ಹೊಸ ಗಾಡಿ ಓಡಿ ಪ್ರೀಮಿಯಂ ದೊಡ್ಡದಿರುತ್ತೆ, ಅದನ್ನೂ ನೋಡ್ಕೋಬೇಕು. ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ರೆ ಲೆಕ್ಕ ಬೇರೆ, ಅದ್ರಲ್ಲಿ ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಅಂತ ಓದಿ ತಗೊಳ್ಳಿ.

ಇನ್ನೊಂದು, ಆಗಸ್ಟಿಂದ ಫೆಬ್ರವರಿವರೆಗೂ ಆರು ತಿಂಗಳು ಟೈಮಿತ್ತು. ಯಾವತ್ತಾದ್ರೂ ಒಂದಿನ ಹೊಳೆದು "ಎನ್‌ಸಿಬಿ ತಪ್ಪಾಗಿ ಹೇಳಿದೀವಿ, ವ್ಯತ್ಯಾಸ ಕಟ್ತೀವಿ, ಎಂಡಾರ್ಸ್‌ಮೆಂಟ್ (ಪಾಲಿಸೀಲಿ ತಿದ್ದುಪಡಿ) ಮಾಡ್ಕೊಡಿ" ಅಂತ ಒಂದು ಮೇಲ್ ಹಾಕಿದ್ರೆ 4,366ಕ್ಕೆ ಮುಗೀತಿತ್ತು. ಈಗ ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಹೊಟ್ಟೇಲಿ ಚುಳ್ ಅಂದಿದ್ರೆ ಇವತ್ತೇ ಆ ಮೇಲ್ ಹಾಕಿ, ಗುದ್ದಿದ ಮೇಲೆ ಹಾಕಿದ್ರೆ ಅದಕ್ಕೆ ಬೆಲೆ ಇಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋರೂ ನೋಡ್ಕೊಳ್ಳಿ, ಎನ್‌ಸಿಬಿ ಗಾಡೀದಲ್ಲ, ಮಾಲೀಕನದು, ಮಾರಿದೋರ 50 ಪರ್ಸೆಂಟು ನಿಮಗೆ ಬರಲ್ಲ, ಅವ್ರು ಲೆಟರ್ ತಗೊಂಡು ಮೂರು ವರ್ಷದೊಳಗೆ ತಮ್ಮ ಹೊಸ ಗಾಡಿಗೆ ಹಾಕ್ಕೊಳ್ತಾರೆ. ಸಿಎನ್‌ಜಿ ಕಿಟ್ ಹಾಕ್ಸಿ ಹೇಳ್ದೇ ಇರೋದು, ಸ್ವಂತದ ಗಾಡೀನ ಬಾಡಿಗೆಗೆ ಓಡ್ಸೋದು, ಇವೂ ಇದೇ ಜಾತಿಯವು, ಅವುಗಳ ಫೈಲು ಇನ್ನೂ ಕಹಿ, ಇನ್ನೊಂದ್ಸಲ ಬರೀತೀನಿ.

ಕೊನೇದಾಗಿ, 2024ರ ಜೂನಲ್ಲಿ ಮೇಷ್ಟ್ರ ಫೋನು. ಮನೆ ಗೇಟಿಗೆ ಬಾಗ್ಲು ಉಜ್ಜಿದೆ, ಪೇಂಟು 3,600, ಟಿಂಕರಿಂಗ್ ಲೇಬರು 1,600, ಒಟ್ಟು 5,200. ಅದೇ ಸರ್ವಿಸ್ ಸೆಂಟರ್, ಅದೇ ಹುಡುಗ, "ಇನ್ಶೂರೆನ್ಸಲ್ಲಿ ಹಾಕೋಣ್ವಾ ಸಾರ್" ಅಂತ ಮತ್ತೆ ಕೇಳಿದಾನೆ. ಮೇಷ್ಟ್ರು ಈ ಸಲ ಲೆಕ್ಕ ಮಾಡ್ಕೊಂಡೇ ಫೋನ್ ಮಾಡಿದ್ರು.

"ಡಿಡಕ್ಟಿಬಲ್ 1,000, ಪೇಂಟಿಂದ 450, ಕಳೆದ್ರೆ ಕಂಪನಿ ಕೊಡೋದು 3,750. ನಾನೀಗ ಏಣಿ ಬುಡದಲ್ಲಿದೀನಲ್ಲ, ಕಳ್ಕೊಳ್ಳೋದು 50 ಪರ್ಸೆಂಟು, ಓಡಿ 6,500ಕ್ಕೆ 3,250, ಜಿಎಸ್‌ಟಿ ಸೇರಿ 3,835. 85 ರೂಪಾಯಿ ವ್ಯತ್ಯಾಸ ಬರ್ತಿದೆ ಕಣ್ರೀ, ಇದಕ್ಕೇನು ಮಾಡೋದು?"

ಐಡಿವಿ ಇಳಿಯೋದು ಹಿಡಿದ್ರೆ ಆ 85ಊ ಉಳಿಯಲ್ಲ, ಕ್ಲೇಮ್ ಮಾಡಿದ್ರೂ ಒಂದೇ ಬಿಟ್ರೂ ಒಂದೇ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಆ ಕಡೆ ತಿರುಗಿ "ಕೈಯಿಂದಲೇ ಕೊಡ್ತೀನಪ್ಪ, ಬಿಲ್ ಹಾಕು" ಅಂದಿದ್ದು ನನಗೂ ಕೇಳಿಸ್ತು.